ತೂಕ ಇಳಿಯಿತು, ಹೊಟ್ಟೆ ಇಳಿಯಲಿಲ್ಲ

(ಗುರುತು ಸಿಗದಂತೆ ಹೆಸರು ಮತ್ತು ಕೆಲಸದ ವಿವರಗಳನ್ನು ಬದಲಿಸಲಾಗಿದೆ.)

ಬಸವರಾಜ ಅವರಿಗೆ 38 ವರ್ಷ. ವಿಜಯಪುರದ ಕಡೆಯವರು, ಪುಣೆ ಹತ್ತಿರದ ಚಾಕಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಮನೆ ಚಿಂಚವಾಡದಲ್ಲಿ. ನನ್ನ ಹತ್ತಿರ ಸಲಹೆಗೆಂದು ಕರೆದುಕೊಂಡು ಬಂದವರು ಹೆಂಡತಿ ಗೀತಾ. ಅವರ ದೂರು ಗಂಡನ ಸಿಟ್ಟಿನ ಬಗ್ಗೆ. "ಎರಡು ತಿಂಗಳಾತ್ರೀ ಮೇಡಂ, ಮಕ್ಕಳ ಜೋಡಿ ಕೂತು ಉಂಡಿಲ್ಲ. ರೊಟ್ಟಿ ತಕ್ಕಡ್ಯಾಗ ಇಟ್ಟು ತೂಗ್ತಾರ. ರಾತ್ರಿ ಹನ್ನೆರಡಕ್ಕ ಮೊಬೈಲ್‌ನ್ಯಾಗ ಹೋಳಿಗಿ ಮಾಡೋ ವಿಡಿಯೋ ನೋಡ್ಕೋತ ಕೂಡ್ತಾರ."

ಶುರುವಾದದ್ದು ಕಾರ್ಖಾನೆಯ ವಾರ್ಷಿಕ ಆರೋಗ್ಯ ತಪಾಸಣೆಯಿಂದ. ಎತ್ತರ 172 ಸೆಂ.ಮೀ., ತೂಕ 67 ಕಿಲೋ, ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂಬ ಲೆಕ್ಕ) 22.6. ಆ ಸಾಲಿನ ಮುಂದೆ 'ನಾರ್ಮಲ್' ಎಂದಿತ್ತು. ಕೆಳಗೆ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಸೊಂಟದ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ಇವರು ಹೆದರಿ ರೊಟ್ಟಿ ಅನ್ನ ಬಿಟ್ಟರು, ಒಪ್ಪತ್ತು ಊಟಕ್ಕೆ ಬಂದರು, ಮೇಲೆ ನಿಂತರೆ ಕೊಬ್ಬಿನ ಶೇಕಡಾವಾರು ತೋರಿಸುವ ಮಶೀನ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದರು.

"ಐದ್ ಕಿಲೋ ಇಳದದ ರೀ. ಆದ್ರ ಕೊಬ್ಬು ಮೊದಲೂ 28, ಈಗೂ 28. ಮಶೀನ್ ಕೆಟ್ಟದೇನು?"

ಕಾಗದದ ಮೇಲೆ ಲೆಕ್ಕ ಮಾಡಿಸಿದೆ. 67ರಲ್ಲಿ ಶೇ. 28 ಅಂದರೆ 18.8 ಕಿಲೋ. 62ರಲ್ಲಿ ಶೇ. 28 ಅಂದರೆ 17.4. ಮಶೀನ್ ಹೇಳಿದ್ದನ್ನು ನಂಬುವುದಾದರೆ ಹೋದ ಐದು ಕಿಲೋದಲ್ಲಿ ಕೊಬ್ಬು ಒಂದೂವರೆ ಕಿಲೋ ಕೂಡ ಇಲ್ಲ. ಮಿಕ್ಕಿದ್ದು ನೀರು ಮತ್ತು ಸ್ನಾಯು. ಪಿಷ್ಟ ಬಿಟ್ಟ ಮೊದಲ ವಾರದಲ್ಲಿ ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್, ಕರಗುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಟುಹೋಗುತ್ತದೆ. ಆ ವಾರದ ಖುಷಿಯೆಲ್ಲ ಬಹುಮಟ್ಟಿಗೆ ನೀರಿನದು. ಆಮೇಲೆ ಪ್ರೋಟೀನೂ ಇಲ್ಲ, ವ್ಯಾಯಾಮವೂ ಇಲ್ಲ ಎಂದಾಗ ದೇಹ ಸ್ನಾಯುವಿಗೆ ಕೈಹಾಕುತ್ತದೆ.

ಮಶೀನನ್ನು ಪೂರ್ತಿ ನಂಬಬೇಕಿಲ್ಲ ಎಂದೂ ಹೇಳಿದೆ. ಅದು ಪಾದಗಳ ನಡುವೆ ಸಣ್ಣ ವಿದ್ಯುತ್ ಹರಿಸಿ ಎಷ್ಟು ತಡೆ ಬಂತು ಎಂದು ನೋಡುತ್ತದೆ, ಅದಕ್ಕೆ ವಯಸ್ಸು, ಎತ್ತರ ಸೇರಿಸಿ ಕೊಬ್ಬನ್ನು ಅಂದಾಜು ಮಾಡುತ್ತದೆ. ನೀರು ಕುಡಿಯದೆ ನಿಂತರೆ ಕೊಬ್ಬು ಹೆಚ್ಚು ತೋರಿಸಬಹುದು. ಇವರು ನೈಟ್ ಶಿಫ್ಟ್ ಮುಗಿಸಿ ಬಂದವರೇ ಬಾಯಿಗೆ ನೀರೂ ಹಾಕದೆ ಹತ್ತುತ್ತಿದ್ದರು! ಟೇಪು ಹಿಡಿದು ಅಳೆದಾಗ ಸೊಂಟ 93 ಸೆಂ.ಮೀ. ಭಾರತೀಯ ಗಂಡಸರಿಗೆ 90ರ ಒಳಗಿರಬೇಕು, ಹೆಂಗಸರಿಗೆ 80ರ ಒಳಗೆ. ಅಳೆಯಬೇಕಾದದ್ದು ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ.

"ನಾ ದಪ್ಪ ಇಲ್ಲಲ್ರೀ, ಮತ್ತ ಸಕ್ಕರಿ ಹ್ಯಾಂಗ ಬಂತು?" ಎಂಬುದೇ ಅವರನ್ನು ಕೊರೆಯುತ್ತಿದ್ದ ಪ್ರಶ್ನೆ. ಇದಕ್ಕೆ ಉತ್ತರ ಅವರ ಮನೆಯಿಂದ ದೂರವೇನೂ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿಸಿದ್ದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನೋಡಲು ತೆಳ್ಳಗೆ, ಒಳಗೆ ಕೊಬ್ಬು: ನಮ್ಮವರಲ್ಲಿ ಇದು ಸಾಮಾನ್ಯ. ಬಸವರಾಜರ ತಂದೆಗೂ ಸಕ್ಕರೆ ಕಾಯಿಲೆ ಇತ್ತು. ಇಂಥವರಿಗೆ ಬರೀ ತೂಕ ಇಳಿಸಿ ಎಂದರೆ ಸಲಹೆ ಅರ್ಧವೇ ಆಯಿತು. ಉಂಡ ಮೇಲೆ ರಕ್ತಕ್ಕೆ ಬಂದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಸ್ನಾಯು, ಅದನ್ನೇ ಇವರು ಕಳೆದುಕೊಳ್ಳುತ್ತಿದ್ದರು.

ಇನ್ನು ಸಿಟ್ಟು, ಹೋಳಿಗೆ ವಿಡಿಯೋ. ಗೀತಾ ಇದನ್ನು ತಮ್ಮ ಮೇಲಿನ ಬೇಸರ ಎಂದುಕೊಂಡಿದ್ದರು. ಅರೆಹೊಟ್ಟೆಯೂ ಹೀಗೆ ಮಾಡಿಸಬಹುದು. ಅಮೆರಿಕದ ಮಿನೆಸೋಟದಲ್ಲಿ 1944-45ರಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ 36 ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರಲ್ಲಿ ಹಲವರು ಸಿಡುಕರಾದರು, ಮಂಕಾದರು, ಅಡುಗೆ ಪುಸ್ತಕ ಓದತೊಡಗಿದರು. ಇದನ್ನು ಕೇಳಿ ಗೀತಾ ಗಂಡನ ಮುಖ ನೋಡಿ ನಕ್ಕರು. ಹಾಗೆಂದು ನಾನು ಅಲ್ಲಿಗೇ ಬಿಡಲಿಲ್ಲ. ಊಟ ಮಾಡಿ ವಾಂತಿ ಮಾಡಿಕೊಳ್ಳುವುದು, ಬದುಕು ಬೇಡವೆನ್ನಿಸುವುದು ಇದೆಯೇ ಎಂದು ಅವರೊಬ್ಬರನ್ನೇ ಕೂರಿಸಿ ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಕೊಟ್ಟ ಸಲಹೆ ಇದು. ಮಶೀನನ್ನು ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ಊಟದ ಲೆಕ್ಕವನ್ನು ನಮ್ಮ ಡಯಟಿಷಿಯನ್ ಹಾಕಿಕೊಟ್ಟರು: ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್. ಅದಕ್ಕೆ ಮೊದಲು ಮೂತ್ರಪಿಂಡ ಸರಿಯಿದೆ ಎಂದು ವೈದ್ಯರಿಂದ ತಿಳಿದುಕೊಂಡೆವು. ಮೊಟ್ಟೆ ಆ ಮನೆಯಲ್ಲಿ ನಡೆಯುವುದಿಲ್ಲ. ಆದ್ದರಿಂದ ಮೊಳಕೆ ಬಂದ ಮಡಕಿಕಾಳಿನ ಪಲ್ಯ, ಝುಣಕ, ಗಟ್ಟಿ ಬೇಳೆ, ಮೊಸರು, ಹಾಲು. ಜೋಳದ ರೊಟ್ಟಿ ಊಟಕ್ಕೆ ಎರಡು, ಬಿಡಬೇಕಾಗಿಲ್ಲ. ಶೇಂಗಾ ಹಿಂಡಿ (ಚಟ್ನಿಪುಡಿ) ಇರಲಿ, ಎಣ್ಣೆಯೂ ಅದರಲ್ಲಿದೆ, ಎರಡು ಚಮಚ ಸಾಕು. ಡಬ್ಬಿಯ ಪ್ರೋಟೀನ್ ಪುಡಿ ಬೇಡವೆಂದೆ. ಸಂಜೆಯ ಚಹಾದ ಜೊತೆಗಿನ ಬಿಸ್ಕತ್ತು, ಖಾರಿ ನಿಲ್ಲಿಸಲು ಹೇಳಿದ್ದಕ್ಕೇ ಹೆಚ್ಚು ಪ್ರತಿರೋಧ ಬಂತು.

ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಕ್ಯಾನ್ ಎತ್ತುವುದು. ರಾತ್ರಿ ಊಟ, ಶಿಫ್ಟ್ ಇಲ್ಲದ ದಿನ, ಮಕ್ಕಳ ಪಕ್ಕದಲ್ಲೇ. ಗೀತಾ ಅವರಿಗೆ ಒಂದೇ ಮಾತು: ತಟ್ಟೆಗೆ ಹಾಕುವುದು ನಿಮ್ಮ ಕೆಲಸ, ಎಣಿಸುವುದು ಬೇಡ.

ಮೂರು ತಿಂಗಳಿಗೆ ಬಂದಾಗ ತೂಕ 63.5. "ಏರಿತಲ್ರೀ!" ಎಂದು ಬಾಗಿಲಲ್ಲೇ ಶುರುಮಾಡಿದರು. ಸೊಂಟ 89ಕ್ಕೆ ಬಂದಿತ್ತು, ಎಚ್‌ಬಿಎ1ಸಿ 5.8. ಮಶೀನನ್ನು ಅಟ್ಟದಿಂದ ಇಳಿಸಿ ನೋಡಿದ್ದರೆಂದು ಗೀತಾ ಹೇಳಿದರು. ನಾನು ಅದನ್ನು ದೊಡ್ಡದು ಮಾಡಲಿಲ್ಲ. ಸೋಲಾಪುರದಲ್ಲಿರುವ ತಮ್ಮ ತನಗಿಂತ ಸಣಕಲ, ಆರೋಗ್ಯವಾಗಿದ್ದಾನೆ ಎಂದು ಮಾತಿನ ನಡುವೆ ಬಸವರಾಜ ಹೇಳಿದರು. ಅವನ ಸೊಂಟವನ್ನೂ ಅಳೆಸಿ, ಸಕ್ಕರೆ ಪರೀಕ್ಷೆ ಮಾಡಿಸಿ ಎಂದೆ.