‘ನಿನಗಿಲ್ಲಿ ಏನು ಕಡಿಮೆಯಾಗಿದೆ?’ ಅಂದರೆ ಏನು ಹೇಳಲಿ?

ಪ್ರಶ್ನೆ: ನನಗೆ 34 ವರ್ಷ. ಒಳ್ಳೆಯ ಕೆಲಸ, ಸ್ವಂತ ಮನೆ ಇದೆ. ಗಂಡನೂ ದುಡಿಯುತ್ತಾರೆ. ಐದು ವರ್ಷದ ಮಗಳಿದ್ದಾಳೆ. ಅಪ್ಪ ಇಲ್ಲ, ಅಮ್ಮ ನಮ್ಮ ಮನೆಯ ಹತ್ತಿರವೇ ಇದ್ದಾರೆ. ಈಗ ನನಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ. ಎರಡು ತಿಂಗಳಲ್ಲಿ ಉತ್ತರ ಕೊಡಬೇಕು. ಹೋಗುವ ಆಸೆ ಕಾಲೇಜಿನ ದಿನಗಳಿಂದಲೂ ಇದೆ. ಆದರೆ ಅಮ್ಮ ‘ನಿನಗಿಲ್ಲಿ ಏನು ಕಡಿಮೆಯಾಗಿದೆ?’ ಎಂದು ಕೇಳಿದಾಗ ಉತ್ತರವೇ ಹೊಳೆಯಲಿಲ್ಲ. ಇಲ್ಲಿನ ರಸ್ತೆ, ಆಫೀಸು, ನೆಂಟರು ಎಲ್ಲರನ್ನೂ ಬಾಯಿಗೆ ಬಂದಂತೆ ಬೈದುಬಿಟ್ಟೆ. ಅಂದಿನಿಂದ ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ಗಂಡ ‘ನಿನ್ನಿಷ್ಟ’ ಅನ್ನುತ್ತಾರೆ. ಎಲ್ಲ ಇದ್ದೂ ಹೋಗಬೇಕು ಅನ್ನಿಸುವುದು ದುರಾಸೆಯೇ? ನನಗೆ ಉಪಕಾರದ ನೆನಪಿಲ್ಲವೇ?

ಉತ್ತರ: ನೀವು ದುರಾಸೆಯವರಲ್ಲ. ಪಡೆದದ್ದನ್ನು ಮರೆತವರೂ ಅಲ್ಲ, ಮರೆತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅಮ್ಮನ ಪ್ರಶ್ನೆಗೆ ಉತ್ತರ ಹೊಳೆಯದೇ ಇದ್ದದ್ದಕ್ಕೆ ಕಾರಣ ಇಷ್ಟೇ: ನಿಮ್ಮ ಆಸೆ ಕೊರತೆಯಿಂದ ಹುಟ್ಟಿದ್ದಲ್ಲ. ಬರ, ಯುದ್ಧ, ಸಾಲ ಅಂದರೆ ಊರು ಬಿಡುವುದು ಎಲ್ಲರಿಗೂ ಅರ್ಥವಾಗುತ್ತದೆ. ಉಂಡುಟ್ಟು ಚೆನ್ನಾಗಿರುವವರು ಹೊರಟರೆ ಮಾತ್ರ ಕಾರಣ ಕೊಡು ಎಂದು ಕೂರಿಸಿಕೊಳ್ಳುತ್ತೇವೆ.

ಆದರೆ ವಲಸೆ ನಡೆಯುವ ರೀತಿಯೇ ಬೇರೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2024ರಲ್ಲಿ ತಮ್ಮ ದೇಶ ಬಿಟ್ಟು ಬೇರೆ ದೇಶದಲ್ಲಿ ಬದುಕುತ್ತಿದ್ದವರು ಸುಮಾರು 30 ಕೋಟಿ. ಜಗತ್ತಿನ ಜನರಲ್ಲಿ ನೂರಕ್ಕೆ ನಾಲ್ವರೂ ಆಗುವುದಿಲ್ಲ. ಎಷ್ಟೇ ಕಷ್ಟವಿದ್ದರೂ ಹೆಚ್ಚಿನವರು ತಮ್ಮ ದೇಶದಲ್ಲೇ ಇರುತ್ತಾರೆ. ದೇಶವೊಂದು ಕಡುಬಡತನದಿಂದ ಮೇಲೆದ್ದಾಗ ಹೊರಗೆ ಹೋಗುವವರು ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತಾರೆ. ಹೇನ್ ಡೆ ಹಾಸ್ ಎಂಬ ಡಚ್ ಸಮಾಜಶಾಸ್ತ್ರಜ್ಞರು ಇದನ್ನು ಸರಳವಾಗಿ ವಿವರಿಸುತ್ತಾರೆ. ಹೊರಡಲು ಆಸೆಯೂ ಬೇಕು, ಹೊರಡುವ ಶಕ್ತಿಯೂ ಬೇಕು. ಓದು, ಒಂದಿಷ್ಟು ದುಡ್ಡು, ಹೊರಗಿನ ಪರಿಚಯ ಇದ್ದಾಗ ಎರಡೂ ಬೆಳೆಯುತ್ತವೆ. ನಿಮ್ಮ ಅಮ್ಮ ನಿಮ್ಮನ್ನು ಚೆನ್ನಾಗಿ ಬೆಳೆಸಿದ್ದರಿಂದಲೇ ‘ನಾನು ಹೋಗಬಲ್ಲೆ’ ಎಂಬ ಧೈರ್ಯ ನಿಮಗೆ ಬಂದಿದೆ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ?

ಸ್ವಿಟ್ಜರ್ಲೆಂಡನ್ನು ನೋಡಿ. ಅದಕ್ಕಿಂತ ಅನುಕೂಲದ ದೇಶ ಹುಡುಕುವುದು ಕಷ್ಟ. ಆದರೂ ಅಲ್ಲಿನ 8 ಲಕ್ಷಕ್ಕೂ ಹೆಚ್ಚು ನಾಗರಿಕರು, ಅಂದರೆ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು, ಹೊರದೇಶಗಳಲ್ಲಿದ್ದಾರೆ. ಹೊರಗೇ ಹುಟ್ಟಿದವರೂ ಅವರಲ್ಲಿದ್ದಾರೆ, ನಿಜ. ಆದರೆ ಅವರ ಮನೆಯ ಯಾರೋ ಒಬ್ಬರು ಹಿಂದೊಮ್ಮೆ ಹೊರಟೇ ಇರುತ್ತಾರೆ ಅಲ್ವಾ? ನಾಲ್ಕು ಭಾಷೆಗಳ ಆ ನಾಡಿನಲ್ಲಿ ಇವರನ್ನು ‘ಐದನೇ ಸ್ವಿಟ್ಜರ್ಲೆಂಡ್’ ಎಂದೇ ಕರೆಯುತ್ತಾರೆ. ನ್ಯೂಜಿಲೆಂಡಿನವರೂ ಹಾಗೆಯೇ, ತಲೆಮಾರುಗಳಿಂದ ಆಸ್ಟ್ರೇಲಿಯಾಕ್ಕೆ ಹೋಗುತ್ತಲೇ ಇದ್ದಾರೆ. ಈಗ ಹೀಗೆ ಹೊರಡುವವರಲ್ಲಿ ಹೆಚ್ಚಿನವರು ಅನ್ನಕ್ಕಿಲ್ಲದೆ ಹೋಗುವವರಲ್ಲ.

ಹಾಗಾದರೆ ಯಾಕೆ ಹೋಗುತ್ತಾರೆ? ಕೆಲವರಿಗೆ ತಮ್ಮ ಕೆಲಸದಲ್ಲಿ ಇನ್ನೂ ದೊಡ್ಡದನ್ನು ಮಾಡಬೇಕು ಅನ್ನಿಸುತ್ತದೆ. ಕೆಲವರು ಪ್ರೀತಿಗಾಗಿ ಹೋಗುತ್ತಾರೆ. ಇನ್ನು ಕೆಲವರಿಗೆ ತಮ್ಮ ಪರಿಚಯ ಯಾರಿಗೂ ಇಲ್ಲದ ಕಡೆ ಒಮ್ಮೆ ಬದುಕಿ ನೋಡುವ ಆಸೆ. ಮುಂದಿನ ಇಪ್ಪತ್ತು ವರ್ಷ ಹೇಗಿರುತ್ತದೆ ಎಂದು ಈಗಲೇ ಗೊತ್ತಿರುವುದು ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ಉಸಿರುಕಟ್ಟುವ ಸಂಗತಿ. ಇದರಲ್ಲಿ ತಪ್ಪೇನೂ ಇಲ್ಲ.

ಒಂದು ಕಾರಣದ ಬಗ್ಗೆ ಮಾತ್ರ ಹುಷಾರಾಗಿರಿ. ಅದು ಹೋಲಿಕೆ. ಸಂಬಳ ಸಾಕಷ್ಟಿದ್ದರೂ ಜೊತೆಯವರಿಗಿಂತ ಹಿಂದುಳಿದೆ ಅನ್ನಿಸಿದರೆ ಜನ ಹೊರಡುತ್ತಾರೆ ಎಂದು ಓಡೆಡ್ ಸ್ಟಾರ್ಕ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲೇ ವಾದಿಸಿದ್ದರು. ಈ ಕಾರಣಕ್ಕೆ ಹೋದರೆ ಅಲ್ಲಿಯೂ ನಿಮಗಿಂತ ಮುಂದಿರುವವರು ಸಿಗುತ್ತಾರೆ, ಸಂಕಟ ತಪ್ಪುವುದಿಲ್ಲ. ಅದಕ್ಕೇ ನಿಮ್ಮನ್ನು ನೀವೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀವು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಒಂದು ಫೋಟೋ ಕೂಡ ಯಾರಿಗೂ ತೋರಿಸುವಂತಿಲ್ಲ ಎಂದಿಟ್ಟುಕೊಳ್ಳಿ. ಆಗಲೂ ಹೋಗುತ್ತೀರಾ? ಹೌದು ಅನ್ನಿಸಿದರೆ ಅದು ನಿಮ್ಮದೇ ಆಸೆ. ಕಾಲೇಜಿನಿಂದ ಉಳಿದುಕೊಂಡು ಬಂದಿದೆ ಅಂದರೆ ನಿಮ್ಮದೇ ಇರಬೇಕು ಎಂದು ನನಗನ್ನಿಸುತ್ತದೆ.

ಈಗ ನೀವು ಬೈದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆಯಾದದ್ದು ಅದೇ. ‘ಸುಮ್ನೆ ಆಸೆಯಾಯಿತು’ ಅನ್ನುವುದನ್ನು ಯಾರೂ ಒಪ್ಪುವುದಿಲ್ಲ. ಹಾಗಾಗಿ ಹೊರಡುವವರು ಇಲ್ಲದ ದೂರುಗಳನ್ನು ಹುಡುಕುತ್ತಾರೆ, ಸಣ್ಣದನ್ನು ದೊಡ್ಡದು ಮಾಡುತ್ತಾರೆ. ಇದರಿಂದ ಎರಡು ಕಡೆ ಪೆಟ್ಟು ಬೀಳುತ್ತದೆ. ನೀವು ರಸ್ತೆಯನ್ನು ಬೈದಿರಿ, ಅಮ್ಮನ ಕಿವಿಗೆ ಬಿದ್ದದ್ದು ‘ನೀನು ಕೊಟ್ಟ ಬದುಕು ಸಾಲದು’ ಎಂದು. ಇನ್ನೊಂದು ಪೆಟ್ಟು ಮುಂದೆ ನಿಮಗೇ ಬೀಳುತ್ತದೆ. ಅಲ್ಲಿ ಹೋದ ಮೇಲೆ ಕೆಟ್ಟ ದಿನಗಳು ಬರುತ್ತವೆ. ಒಂಟಿ ಅನ್ನಿಸುತ್ತದೆ, ಮಗಳು ಸ್ಕೂಲಿನಿಂದ ಅತ್ತುಕೊಂಡು ಬರುತ್ತಾಳೆ. ಆಗ ಅಮ್ಮನಿಗೆ ಫೋನ್ ಮಾಡಿ ‘ಕಷ್ಟವಾಗ್ತಿದೆ’ ಎನ್ನಲು ಬಾಯಿ ಬರುವುದಿಲ್ಲ, ಹಾಗಂದುಬಿಟ್ಟರೆ ವಾದದಲ್ಲಿ ಸೋತಂತೆ ಆಗುತ್ತದಲ್ಲ! ವಾಪಸು ಬರಬೇಕು ಅನ್ನಿಸಿದರೂ ಬರಲಾಗುವುದಿಲ್ಲ. ಮನೆಯ ಮೇಲೆ ಪ್ರೀತಿ ಇಟ್ಟುಕೊಂಡೇ ಹೋದವರಿಗೆ ವಾಪಸು ಬರುವುದು ಸುಲಭ.

ಅಮ್ಮನ ಹತ್ತಿರ ಹೋಗಿ ಆ ಮಾತುಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ‘ಇಲ್ಲಿ ಏನೂ ಕಡಿಮೆಯಿಲ್ಲಮ್ಮ. ಆದರೂ ಹೋಗಬೇಕು ಅನ್ನಿಸ್ತಿದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರು ಅಳಬಹುದು. ‘ದಿನಾ ವಿಡಿಯೋ ಕಾಲ್ ಮಾಡ್ತೀನಿ’ ಎಂದು ಅಳು ನಿಲ್ಲಿಸಲು ಹೋಗಬೇಡಿ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇಂಥ ದುಃಖದ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ವ್ಯಕ್ತಿ ಇದ್ದಾರೆ, ಆದರೆ ಕಣ್ಣೆದುರು ಇಲ್ಲ. ಸತ್ತವರಿಗಾಗಿ ಅತ್ತರೆ ಸುತ್ತಲಿನವರು ಬಂದು ಸಮಾಧಾನ ಮಾಡುತ್ತಾರೆ. ದೂರ ಹೋದ ಮಗಳಿಗಾಗಿ ಅತ್ತರೆ ‘ಚೆನ್ನಾಗಿದ್ದಾಳಲ್ಲ, ಯಾಕೆ ಅಳ್ತೀಯ?’ ಅನ್ನುತ್ತಾರೆ. ಅಮ್ಮನಿಗೆ ಅಳುವ ಹಕ್ಕಿದೆ. ಅವರು ಅತ್ತ ಮಾತ್ರಕ್ಕೆ ನೀವು ತಪ್ಪು ಮಾಡುತ್ತಿದ್ದೀರಿ ಎಂದೂ ಅಲ್ಲ.

ನಿಮ್ಮ ಗಂಡನ ‘ನಿನ್ನಿಷ್ಟ’ವನ್ನು ಒಪ್ಪಿಗೆ ಎಂದು ದಯವಿಟ್ಟು ಲೆಕ್ಕ ಹಾಕಬೇಡಿ. ಕೆಲಸ ಸಿಕ್ಕಿರುವುದು ನಿಮಗೆ. ಅವರು ಅಲ್ಲಿ ಬೆಳಗಾದರೆ ಏನು ಮಾಡುತ್ತಾರೆ? ಜೊತೆಗೆ ಹೋಗುವ ಗಂಡ ಅಥವಾ ಹೆಂಡತಿಗೆ ಕೆಲಸ ಮಾಡುವ ಅನುಮತಿ ಎಲ್ಲ ದೇಶಗಳಲ್ಲೂ ತಾನಾಗಿ ಸಿಗುವುದಿಲ್ಲ. ಡಾಕ್ಟರ್, ನರ್ಸ್, ಟೀಚರ್, ವಕೀಲರಂಥವರು ಹೆಚ್ಚಿನ ಕಡೆ ಅಲ್ಲಿನ ಪರೀಕ್ಷೆಯನ್ನೋ ನೋಂದಣಿಯನ್ನೋ ಮುಗಿಸಿದ ಮೇಲೆಯೇ ಕೆಲಸಕ್ಕೆ ಸೇರಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಆ ದೇಶದ ವಲಸೆ ಇಲಾಖೆಯ ನಿಯಮವನ್ನು ಇಬ್ಬರೂ ಕೂತು ಓದಿ. ಆಮೇಲೆ ಅವರನ್ನು ಮತ್ತೆ ಕೇಳಿ. ಆಗಲೂ ‘ನಿನ್ನಿಷ್ಟ’ ಎಂದರೆ ಬಿಡಬೇಡಿ, ‘ನಿಮ್ಮಿಷ್ಟ ಏನು?’ ಎಂದು ಕೇಳಿ. ಬೇಡ ಎಂದು ಬಾಯಿಬಿಟ್ಟು ಹೇಳಲಾಗದೆ ಜೊತೆಗೆ ಹೊರಟವರ ಸಿಟ್ಟು ಎರಡು ಮೂರು ವರ್ಷ ಬಿಟ್ಟು ಹೊರಬರುತ್ತದೆ, ಆಗ ಸರಿಪಡಿಸುವುದು ಬಹಳ ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ಗಂಡ ಮನಸಾರೆ ಒಪ್ಪಿದರೆ ಹೋಗಿ. ಆದರೆ ಶಾಶ್ವತವಾಗಿ ಎಂದುಕೊಂಡು ಹೋಗಬೇಡಿ. ಜನ ಒಂದು ಕಡೆಗೆ ಹೊರಟರೆ ಅದೇ ದಾರಿಯಲ್ಲಿ ವಾಪಸು ಬರುವವರೂ ಇರುತ್ತಾರೆ ಎಂದು ರಾವೆನ್‌ಸ್ಟೈನ್ ಎಂಬ ಭೂಗೋಳ ತಜ್ಞರು 1885ರಲ್ಲೇ ಬರೆದಿದ್ದರು. ವಾಪಸು ಬರುವುದು ಸೋಲಲ್ಲ. ಮನೆ ಮಾರಬೇಡಿ. ಆಫೀಸಿನಲ್ಲಿ ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ವಿಚಾರಿಸಿ. ಎರಡು ವರ್ಷದ ನಂತರದ ಒಂದು ದಿನಾಂಕ ಈಗಲೇ ಗುರುತು ಹಾಕಿಕೊಂಡು, ಅಂದು ‘ಇರೋಣವಾ, ಬರೋಣವಾ’ ಎಂದು ಮೂವರು ದೊಡ್ಡವರೂ ಮಾತಾಡುವುದೆಂದು ಒಪ್ಪಂದ ಮಾಡಿಕೊಳ್ಳಿ.

ಅದಕ್ಕೂ ಮೊದಲು ತೀರ್ಮಾನವಾಗಬೇಕಾದ್ದು ಅಮ್ಮನ ವಿಷಯ. ರಾತ್ರಿ ಹುಷಾರು ತಪ್ಪಿದರೆ ಅವರ ಮನೆಗೆ ಯಾರು ಓಡಿ ಬರುತ್ತಾರೆ, ಕೀಲಿಕೈ ಯಾರ ಹತ್ತಿರ ಇರುತ್ತದೆ, ಆಸ್ಪತ್ರೆಯ ಖರ್ಚು ಹೇಗೆ, ಮುಂದೆ ನಿಮ್ಮ ಜೊತೆ ಬಂದಿರಲು ಅವರಿಗೆ ಮನಸ್ಸಿದೆಯಾ. ಇದನ್ನೆಲ್ಲ ಅಮ್ಮನ ಪರವಾಗಿ ನೀವೇ ನಿರ್ಧರಿಸಬೇಡಿ, ಅವರ ಜೊತೆ ಕೂತು ಮಾತಾಡಿ. ಆ ಮಾತು ಮುಗಿಯುವ ತನಕ ಕೆಲಸದ ಪತ್ರಕ್ಕೆ ಸಹಿ ಹಾಕಬೇಡಿ.