18 ತುಂಬಿತು, ಇನ್ನು ಸೈನ್ ನಿಮ್ಮದೇ

ಪ್ಲಸ್ ಟು ಮುಗಿಸಿದವರ ಪತ್ರ ಈ ಸಲ ತುಂಬಾ ಬಂದಿದೆ, ಅವರ ಅಪ್ಪ ಅಮ್ಮಂದಿರದ್ದೂ ಉಂಟು. ಹೆಚ್ಚಿನದ್ರಲ್ಲಿ ಇರುವುದು ಒಂದೇ ವಿಷಯ, 18 ಆದ ಮೇಲೆ ಎಂತ ಮಾಡ್ಬಹುದು, ಎಂತ ತಲೆ ಮೇಲೆ ಬರ್ತದೆ ಅಂತ. ಒಂದೇ ತರದ್ದನ್ನೆಲ್ಲ ಸೇರಿಸಿ ಆರು ಪ್ರಶ್ನೆ ತೆಗೊಂಡಿದ್ದೇನೆ. ಹೆಸರು ಹಾಕ್ಲಿಲ್ಲ, ಊರು ಮಾತ್ರ.

ಪ್ರಶ್ನೆ: ಅಕ್ಕಾ, ನಂಗೆ ಹೋದ ತಿಂಗಳು 18 ಆಯ್ತು, ಮಂಗಳೂರಲ್ಲಿ ಬಿಕಾಂ ಸೇರಿದ್ದೇನೆ. ನನ್ನ ಹೆಸರಲ್ಲಿ ಹೊಸ ಬ್ಯಾಂಕ್ ಅಕೌಂಟ್ ಮಾಡಿ ಎಟಿಎಂ ಕಾರ್ಡ್ ಮತ್ತು ಸಿಮ್ ಕೊಟ್ರೆ ತಿಂಗಳಿಗೆ 5000 ಕೊಡ್ತೇನೆ ಅಂತ ಒಬ್ಬ ಸೀನಿಯರ್ ಹೇಳ್ತಿದ್ದಾನೆ, ಬೇರೆಯವರೂ ಕೊಟ್ಟಿದ್ದಾರಂತೆ. ಮತ್ತೆ ಊರಿನ ಗೆಳೆಯ ಒಬ್ಬ ಬೈಕ್ ಲೋನಿಗೆ ಜಾಮೀನು ನಿಲ್ಲು ಅಂತಿದ್ದಾನೆ. ಬರೀ ಒಂದು ಸೈನ್ ಅಲ್ವಾ, ಹಾಕ್ಬಹುದಾ?
(ಬದಿಯಡ್ಕ)

ಉತ್ತರ: ತಮ್ಮಾ, ಎರಡಕ್ಕೂ ಬೇಡ. ಆ ಸೀನಿಯರಿಗೆ ಇವತ್ತೇ ಬೇಡ ಅಂತ ಹೇಳಿಬಿಡು, ಕಾರಣ ಆಮೇಲೆ ನಿಧಾನ ಓದು.

ಹೋದ ತಿಂಗಳವರೆಗೆ ನೀನು ಸಾಲದ ಕಾಗದಕ್ಕೆ ಸೈನ್ ಹಾಕಿದ್ರೆ ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಬೆಲೆಯೇ ಇರ್ಲಿಲ್ಲ. 1872ರ ಕಾಂಟ್ರಾಕ್ಟ್ ಆಕ್ಟಿನ 11ನೇ ಸೆಕ್ಷನ್ ಪ್ರಕಾರ ಒಪ್ಪಂದ ಮಾಡ್ಲಿಕ್ಕೆ ಮೇಜರ್ ಆಗಿರ್ಬೇಕು. ಮೋಹರಿ ಬೀಬಿ ಕೇಸಲ್ಲಿ ಒಬ್ಬ ಮೈನರ್ ಹುಡುಗ ತನ್ನ ಆಸ್ತಿ ಅಡವಿಟ್ಟು ಸಾಲ ತೆಗೊಂಡಿದ್ದ, ಆ ಅಡಮಾನ ಆರಂಭದಿಂದಲೇ ಅನೂರ್ಜಿತ ಅಂತ 1903ರಲ್ಲಿ ಆಗಿನ ಕಾಲದ ಅತಿ ದೊಡ್ಡ ಕೋರ್ಟಾದ ಲಂಡನಿನ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು, ಇವತ್ತಿಗೂ ಅದೇ ನಿಯಮ. ಅಂದ್ರೆ ಇಷ್ಟು ವರ್ಷ ಕಾನೂನೇ ನಿನ್ನ ಕೈ ಹಿಡಿದು ನಿಲ್ಲಿಸ್ತಿತ್ತು. ಹುಟ್ಟಿದ ದಿನ ದಾಟಿದ ಕೂಡಲೇ ಆ ರಕ್ಷಣೆ ಹೋಯ್ತು. ಈಗ ನೀನು ಓದದೆ ಸೈನ್ ಹಾಕಿದ್ರೂ ಓದಿ ಹಾಕಿದ ಹಾಗೆಯೇ ಲೆಕ್ಕ. 18 ಆದವರನ್ನೇ ಇಂಥವರು ಹುಡುಕಿಕೊಂಡು ಬರುವುದು ಇದಕ್ಕೇ, ಸೈನಿಗೆ ಬೆಲೆ ಬಂದಿರ್ತದೆ, ಆದ್ರೆ ಅದು ಎಷ್ಟು ಅಂತ ಹುಡುಗನಿಗೆ ಇನ್ನೂ ಗೊತ್ತಿರುವುದಿಲ್ಲ.

ಅಕೌಂಟ್ ಬಾಡಿಗೆಗೆ ಕೇಳುವವರು ಅದರಲ್ಲಿ ಹಾಕುವುದು ಆನ್‌ಲೈನ್ ಮೋಸದಲ್ಲಿ ಎಲ್ಲಿಯೋ ಯಾರೋ ಕಳ್ಕೊಂಡ ದುಡ್ಡು. ಮುದುಕರ ಪೆನ್ಶನ್ ದುಡ್ಡು, ಮಗಳ ಮದುವೆಗೆ ಇಟ್ಟದ್ದು, ಅಂಥದ್ದೆಲ್ಲ ನಿನ್ನ ಅಕೌಂಟಿಗೆ ಬಂದು ಅರ್ಧ ಗಂಟೆಯಲ್ಲಿ ಬೇರೆ ಕಡೆ ಹೋಗ್ತದೆ. ದುಡ್ಡು ಕಳ್ಕೊಂಡವರು ಕಂಪ್ಲೇಂಟ್ ಕೊಟ್ಟಾಗ ಪೊಲೀಸರಿಗೆ ಮೊದಲು ಸಿಗುವುದು ಅಕೌಂಟ್ ಯಾರ ಹೆಸರಲ್ಲಿ ಉಂಟೋ ಅವರು, ಆ ಸೀನಿಯರ್ ಅಲ್ಲ. ಕೇಸು ಯಾವ ರಾಜ್ಯದಲ್ಲೂ ಆಗ್ಬಹುದು, ಅಲ್ಲಿಗೆ ಅಲೆಯುವುದು ನೀನು. 18ರ ಒಳಗೆ ಆಗಿದ್ರೆ ಜುವೆನೈಲ್ ಬೋರ್ಡಿನ ಮುಂದೆ ಹೋಗ್ತಿತ್ತು, ಹೆಸರು ಹೊರಗೆ ಬರ್ಬಾರ್ದು ಅಂತಲೂ ಕಾನೂನುಂಟು. ಈಗ ಎಲ್ಲರ ಹಾಗೆ ಮಾಮೂಲಿ ಕೋರ್ಟು. ನಿನ್ನ ಗೆಳೆಯರಲ್ಲಿ ಯಾರಾದ್ರೂ ಕೊಟ್ಟು ಆಗಿದ್ರೆ ನಾಚಿಕೆ ಮಾಡ್ಕೊಂಡು ಕೂತ್ಕೊಳ್ಳುವುದು ಬೇಡ, ಬ್ಯಾಂಕಿಗೆ ಹೋಗಿ ಕಾರ್ಡ್ ಬ್ಲಾಕ್ ಮಾಡಿಸಿ ಬರಹದಲ್ಲಿ ಕೊಡ್ಲಿ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡ್ಲಿ, ಮನೆಯಲ್ಲಿ ಹೇಳ್ಲಿ. ಮತ್ತೆ ನಿನ್ನ ಹೆಸರಲ್ಲಿ ಎಷ್ಟು ಸಿಮ್ ಉಂಟು ಅಂತ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಒಮ್ಮೆ ನೋಡು, ನಿಂದಲ್ಲದ್ದು ಕಂಡ್ರೆ ಅಲ್ಲಿಯೇ ರಿಪೋರ್ಟ್ ಮಾಡ್ಲಿಕ್ಕಾಗ್ತದೆ.

ಜಾಮೀನಿನದ್ದು ಬೇರೆ ತರದ ಕಷ್ಟ, ಯಾಕಂದ್ರೆ ಅಲ್ಲಿ ಕೇಳುವವನು ಮೋಸಗಾರ ಅಲ್ಲ, ಗೆಳೆಯ. ಅದೇ ಕಾಂಟ್ರಾಕ್ಟ್ ಆಕ್ಟಿನ 128ನೇ ಸೆಕ್ಷನ್ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನನ್ನು ಕೇಳಿ, ಅವನು ಕೊಡದಿದ್ರೆ ಮಾತ್ರ ನನ್ನತ್ರ ಬನ್ನಿ ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ಕಂತು ತಪ್ಪಿದ್ರೆ ನೇರ ನಿನ್ನತ್ರವೇ ಬರ್ಬಹುದು. ನಿನಗೆ ಸಂಬಳ ಇಲ್ಲ. ನಿನ್ನ ಸಾಲಕ್ಕೆ ಅಪ್ಪ ಕಾನೂನು ಪ್ರಕಾರ ಹೊಣೆ ಅಲ್ಲದಿದ್ರೂ ಮನೆ ಬಾಗಿಲಿಗೆ ಆಳು ಬಂದಾಗ ಅವರು ಸುಮ್ನೆ ಕೂತ್ಕೊಳ್ಳುವುದಿಲ್ಲ, ಅಡಿಕೆ ಮಾರಿದ ದುಡ್ಡು ಅಲ್ಲಿಗೆ ಹೋಗ್ತದೆ. ಗೆಳೆಯನಿಗೆ ನೇರ ಹೇಳು, ನಂಗೆ ಕಟ್ಲಿಕ್ಕೆ ಆಗದ ಸಾಲಕ್ಕೆ ನಾನು ಸೈನ್ ಹಾಕುವುದಿಲ್ಲ ಅಂತ. ಒಳ್ಳೆ ಗೆಳೆಯ ಆದ್ರೆ ನಾಲ್ಕು ದಿನ ಮುಖ ಸಣ್ಣ ಮಾಡ್ತಾನೆ, ಆಮೇಲೆ ಬರ್ತಾನೆ.

ಇನ್ನೊಂದು, ಶಾಲೆಗೆ ಹೋಗುವಾಗ ಅಮ್ಮನ ಜೊತೆ ಮಾಡಿದ ಮೈನರ್ ಅಕೌಂಟ್ ಇದ್ರೆ ಬ್ಯಾಂಕಿಗೆ ಹೋಗಿ ಹೊಸ ಕೆವೈಸಿ ಮತ್ತು ನಿನ್ನ ಸೈನ್ ಕೊಟ್ಟು ಅದನ್ನು ನಿನ್ನದು ಮಾಡ್ಕೊ, ಇಲ್ಲಾಂದ್ರೆ ವ್ಯವಹಾರ ನಿಲ್ಲಿಸಿಬಿಡ್ತಾರೆ. ಪ್ಯಾನ್ ಕಾರ್ಡ್ ಚಿಕ್ಕವನಿರುವಾಗ ಮಾಡಿದ್ದಾದ್ರೆ ಅದಕ್ಕೂ ಈಗ ಫೋಟೋ ಮತ್ತು ಸೈನ್ ಸೇರಿಸ್ಬೇಕು.

ಪ್ರಶ್ನೆ: ಮಗಳಿಗೆ 18 ತುಂಬಿತು. ಬೆಂಗಳೂರಲ್ಲಿ ಹಾಸ್ಟೆಲಲ್ಲಿ ಇದ್ದು ಓದ್ತೇನೆ ಅಂತ ಹಟ. 18 ಆಯ್ತಲ್ಲ, ಸಂಬಂಧ ನೋಡಿ ಮುಗಿಸಿ ಅಂತ ನೆಂಟರು ಹೇಳ್ತಾರೆ. ನಾನೇ ನಿರ್ಧಾರ ಮಾಡ್ಬಹುದಾ? ಅವಳು ಹೋದ್ರೆ ಫೀಸು ಕೊಡ್ಲೇಬೇಕು ಅಂತ ಉಂಟಾ?
(ಪೆರ್ಲ)

ಉತ್ತರ: ನಿಮ್ಮ ಪತ್ರದಲ್ಲಿ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಕಾಣ್ತದೆ, ಹಾಗಾಗಿ ನೇರ ಹೇಳ್ತೇನೆ, ಬೇಸರ ಮಾಡ್ಕೊಳ್ಬೇಡಿ.

ಮದುವೆಯ ಕಾನೂನಲ್ಲಿ ಹುಡುಗಿಗೆ 18, ಹುಡುಗನಿಗೆ 21 ಅಂತ ಇರುವುದು ಅದಕ್ಕಿಂತ ಕಮ್ಮಿ ಆಗ್ಬಾರ್ದು ಅಂತ. 18ಕ್ಕೇ ಮಾಡಿ ಮುಗಿಸಿ ಅಂತ ಯಾವ ಕಾನೂನಲ್ಲೂ ಇಲ್ಲ. ಹುಡುಗಿಯರಿಗೂ 21 ಮಾಡುವ ಮಸೂದೆ 2021ರ ಡಿಸೆಂಬರಲ್ಲಿ ಲೋಕಸಭೆಗೆ ಬಂದಿತ್ತು, ಪಾಸಾಗದೆ 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯ್ತು. ಅವಳಿಗೆ ಮನಸ್ಸಿಲ್ಲದೆ ಒತ್ತಾಯದಲ್ಲಿ ಮಾಡಿಸಿದ್ರೆ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಆ ಮದುವೆಯನ್ನೇ ರದ್ದು ಮಾಡಿಸ್ಲಿಕ್ಕೆ ಅವಳು ಕೋರ್ಟಿಗೆ ಹೋಗ್ಬಹುದು. ಎಲ್ಲಿ ಇರ್ಬೇಕು, ಎಂತ ಓದ್ಬೇಕು, ಯಾರನ್ನು ಮದುವೆ ಆಗ್ಬೇಕು ಅನ್ನುವುದು 18 ಆದವರ ಸ್ವಂತ ನಿರ್ಧಾರ. 2018ರಲ್ಲಿ ನಮ್ಮ ಕೇರಳದ್ದೇ ಹಾದಿಯಾ ಕೇಸಲ್ಲಿ, ಪ್ರಾಯಕ್ಕೆ ಬಂದವರ ಮದುವೆಯ ಆಯ್ಕೆಯಲ್ಲಿ ತಂದೆಯಾಗ್ಲಿ ಕೋರ್ಟಾಗ್ಲಿ ಕೈ ಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ.

ಹಾಗಂತ ನಿಮ್ಮ ಜವಾಬ್ದಾರಿ ಆ ದಿನಕ್ಕೆ ಮುಗಿಯುವುದಿಲ್ಲ. ಮದುವೆ ಆಗದ ಮಗಳಿಗೆ ಸ್ವಂತ ಆದಾಯ ಇಲ್ಲದಿದ್ರೆ 18 ದಾಟಿದ ಮೇಲೂ ಅವಳ ಖರ್ಚು ನೋಡ್ಕೊಳ್ಳುವ ಹೊಣೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನಲ್ಲಿ ತಂದೆ ತಾಯಿಗೆ ಉಂಟು. ಮಗಳಿಗೂ ಇದನ್ನು ಓದಿ ಹೇಳಿ, ಅದರ ಜೊತೆಗೆ 2007ರ ಕಾಯ್ದೆ ಒಂದುಂಟು, ಕೈಲಾಗದ ತಂದೆ ತಾಯಿಯನ್ನು ನೋಡ್ಕೊಳ್ಳುವುದು ಪ್ರಾಯಕ್ಕೆ ಬಂದ ಮಕ್ಕಳ ಹೊಣೆ, ಅದು ಮಗನದ್ದು ಮಾತ್ರ ಅಲ್ಲ, ಮಗಳದ್ದೂ. ಹೊಣೆ ಎರಡೂ ಕಡೆಯಿಂದ ಉಂಟು ಅಂತ ಗೊತ್ತಾದ್ರೆ ಮಾತಾಡುವ ರೀತಿಯೇ ಬೇರೆ ಆಗ್ತದೆ.

ಬೆಂಗಳೂರೇ ಯಾಕೆ, ಮಂಗಳೂರು ಆಗುದಿಲ್ವಾ ಅಂತ ಕೇಳುವ ಹಕ್ಕು ನಿಮಗೆ ಖಂಡಿತ ಉಂಟು, ಫೀಸು ಎಷ್ಟು ಆಗ್ತದೆ ಮನೆಯಲ್ಲಿ ಎಷ್ಟು ಉಂಟು ಅಂತ ಲೆಕ್ಕ ಅವಳ ಮುಂದೆಯೇ ಇಡಿ, ಮುಚ್ಚಿಡ್ಬೇಡಿ. ಅವಳ ಜೊತೆ ಹೋಗಿ ಹಾಸ್ಟೆಲ್ ನೋಡಿ ಬನ್ನಿ. ನೆಂಟರಿಗೆ, ಅವಳು ಓದ್ತಾಳೆ ಅಂತ ಒಂದು ಮಾತು ನೀವೇ ಹೇಳಿ. ಅವಳು ಹೇಳಿದ್ರೆ ಜಗಳ ಆಗ್ತದೆ, ನೀವು ಹೇಳಿದ್ರೆ ಅಲ್ಲಿಗೆ ಮುಗೀತದೆ.

ಪ್ರಶ್ನೆ: ಅಕ್ಕಾ, ನಾನು ಮಂಗಳೂರಲ್ಲಿ ಹಾಸ್ಟೆಲಲ್ಲಿದ್ದೇನೆ. ವೋಟಿಗೆ ಹೆಸರು ಎಲ್ಲಿ ಸೇರಿಸ್ಬೇಕು? ಒಂದು ವೋಟಿಂದ ಎಂತ ಆಗ್ತದೆ ಅಂತ ಕ್ಲಾಸಿನವರೆಲ್ಲ ಹೇಳ್ತಾರೆ.
(ಮೀಂಜ)

ಉತ್ತರ: ತಂಗೀ, ಆ ಮಾತನ್ನು ಬೇರೆ ಊರಿನವರು ಹೇಳಿದ್ರೂ ಮಂಜೇಶ್ವರ ಕ್ಷೇತ್ರದವರು ಹೇಳ್ಬಾರ್ದು. 2016ರ ವಿಧಾನಸಭೆ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ 89 ವೋಟು. 2021ರಲ್ಲಿ 745. ನಿನ್ನ ಕಾಲೇಜಿಗೆ ದಿನಾ ಈ ಕಡೆಯಿಂದ ಬರುವ ಮಕ್ಕಳೇ 89ಕ್ಕಿಂತ ಜಾಸ್ತಿ ಇರ್ಬಹುದು.

1989ರ ಮಾರ್ಚ್ ವರೆಗೆ ಈ ಹಕ್ಕು 21 ಆದವರಿಗೆ ಮಾತ್ರ ಇತ್ತು, ಸಂವಿಧಾನದ 61ನೇ ತಿದ್ದುಪಡಿಯಿಂದ 18ಕ್ಕೆ ಬಂತು. ನಿನ್ನ ಅಮ್ಮನನ್ನು ಕೇಳಿ ನೋಡು, ಅವರು ಮೊದಲ ವೋಟು ಯಾವಾಗ ಹಾಕಿದ್ದು ಅಂತ.

ಹೆಸರು ಹಾಸ್ಟೆಲ್ ವಿಳಾಸದಲ್ಲೂ ಸೇರಿಸ್ಬಹುದು, ಮನೆ ವಿಳಾಸದಲ್ಲೂ ಸೇರಿಸ್ಬಹುದು, ಎರಡೂ ಕಡೆ ಮಾತ್ರ ಆಗುದಿಲ್ಲ, ಗೊತ್ತಿದ್ದೂ ಸುಳ್ಳು ಹೇಳಿಕೆ ಕೊಟ್ರೆ ಶಿಕ್ಷೆ ಉಂಟು. ನನ್ನನ್ನು ಕೇಳಿದ್ರೆ ಮನೆಯಲ್ಲೇ ಇರ್ಲಿ. ಹಾಸ್ಟೆಲ್ ಮೂರು ವರ್ಷದ್ದು, ನಿಮ್ಮ ಊರಿನ ರಸ್ತೆ, ನೀರು, ಕನ್ನಡ ಶಾಲೆಗೆ ಟೀಚರ್ ಬರ್ತಾರಾ ಇಲ್ವಾ ಅನ್ನುವುದೆಲ್ಲ ಮೀಂಜದ್ದೇ ವಿಷಯ. ಹೆಸರು ಸೇರಿಸುವ ಫಾರ್ಮ್ 6 ಆನ್‌ಲೈನಲ್ಲಿ ತುಂಬ್ಬಹುದು, ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದ್ರೂ ಮಾಡಿ ಕೊಡ್ತಾರೆ, ನಿಮ್ಮ ಬೂತಿನ ಪಟ್ಟಿ ನೋಡ್ಕೊಳ್ಳುವ ಬಿಎಲ್ಒ ಹತ್ರವೂ ಕೊಡ್ಬಹುದು. 18 ತುಂಬಿತಾ ಅಂತ ನೋಡ್ಲಿಕ್ಕೆ ಮೊದಲು ಜನವರಿ 1 ಒಂದೇ ಲೆಕ್ಕಕ್ಕಿತ್ತು, ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ನಾಲ್ಕೂ ತಿಂಗಳ 1ನೇ ತಾರೀಕು ಲೆಕ್ಕ, 17 ಆದವರು ಮುಂಚೆಯೇ ಅರ್ಜಿ ಕೊಟ್ಟು ಇಡ್ಬಹುದು. ಒಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ: ಪಂಚಾಯತ್ ಚುನಾವಣೆಯ ಪಟ್ಟಿ ಬೇರೆ, ಅದನ್ನು ಮಾಡುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರುಂಟು ಅಂತ ಸುಮ್ನೆ ಕೂತ್ರೆ ಪಂಚಾಯತ್ ವೋಟಿನ ದಿನ ಬೂತಿಂದ ವಾಪಸ್ ಬರ್ಬೇಕಾಗ್ತದೆ, ಎರಡನ್ನೂ ನೋಡ್ಕೊ. 21 ಆದ್ರೆ ಪಂಚಾಯತಿಗೆ ನೀನೇ ನಿಲ್ಲಲೂಬಹುದು. 2020ರಲ್ಲಿ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನಿಗೆ ಆಗ 21 ವರ್ಷ.

ಮತ್ತೆ, ಆಫೀಸಿಗೆ ನಿನ್ನ ಹೆಸರಲ್ಲೇ ಅರ್ಜಿ ಬರೆಯುವ ಪ್ರಾಯ ಬಂತಲ್ಲ, ಕನ್ನಡದಲ್ಲೇ ಬರಿ. ದೂರು, ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡ್ಬಹುದು ಅಂತ ಸಂವಿಧಾನದ 350ನೇ ವಿಧಿಯಲ್ಲಿ ಉಂಟು, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಕೌಂಟರಲ್ಲಿ ಮಲಯಾಳಂ ಫಾರ್ಮ್ ಮುಂದೆ ಇಟ್ರೆ ಅರ್ಥ ಆಗದೆ ಸೈನ್ ಹಾಕ್ಬೇಡ, ಓದಿ ಹೇಳಿ ಅಂತ ಕೇಳು. ನಮ್ಮ ಹಿರಿಯರಲ್ಲಿ ತುಂಬಾ ಜನ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಹಾಗೆ ಸೈನ್ ಹಾಕಿಕೊಂಡೇ ಬಂದಿದ್ದಾರೆ, ನಿನ್ನ ಪ್ರಾಯದವರು ಅದನ್ನು ನಿಲ್ಲಿಸ್ಬೇಕು ಅಂತ ನಂಗೆ ತುಂಬಾ ಆಸೆ ಉಂಟು.

ಪ್ರಶ್ನೆ: ನಾನು 8ನೇ ಕ್ಲಾಸಲ್ಲಿರುವಾಗ ಅಪ್ಪ ತೀರಿಹೋದ್ರು, ವಿಲ್ ಬರೆದಿರ್ಲಿಲ್ಲ. ಅಜ್ಜಿ ಮೊದಲೇ ಇರ್ಲಿಲ್ಲ, ಅಮ್ಮ, ಅಕ್ಕ, ನಾನು ಮೂವರೇ. ಅಪ್ಪ ಸ್ವಂತ ದುಡ್ಡಲ್ಲಿ ತೆಗೊಂಡ ಜಾಗದಲ್ಲಿ 30 ಸೆಂಟ್ಸ್ ಅಮ್ಮ ಆಮೇಲೆ ಮಾರಿದ್ದಾರೆ, ನನ್ನ ಪರವಾಗಿಯೂ ಅವರೇ ಸೈನ್ ಹಾಕಿದ್ದಂತೆ. ಈಗ ನಂಗೆ 18. ಕೇಳುವ ಹಕ್ಕುಂಟಾ?
(ಮುಳ್ಳೇರಿಯ)

ಉತ್ತರ: ಹಕ್ಕುಂಟು, ಸಮಯದ ಮಿತಿಯೂ ಉಂಟು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಿಮ್ಮ ಮೂವರಿಗೂ ಸಮಪಾಲು. ಅಮ್ಮ ತನ್ನ ಪಾಲನ್ನು ಮಾರ್ಬಹುದು, ಅದರಲ್ಲಿ ತಪ್ಪಿಲ್ಲ. ಆದ್ರೆ ಮೈನರ್ ಮಕ್ಕಳ ಪಾಲು ಮಾರ್ಲಿಕ್ಕೆ 1956ರ ಅಪ್ರಾಪ್ತರ ಪೋಷಕತ್ವ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋರ್ಟಿನ ಅನುಮತಿ ಮೊದಲೇ ತೆಗೊಳ್ಬೇಕು. ತೆಗೊಳ್ಳದೆ ಮಾರಿದ್ರೆ ಆ ಮಾರಾಟ ತನ್ನಷ್ಟಕ್ಕೆ ಬೀಳುವುದಿಲ್ಲ, ಮೇಜರ್ ಆದ ಮೇಲೆ ನೀನೇ ಬೇಡ ಅಂತ ಹೇಳ್ಬೇಕು, ಕೋರ್ಟಿಗೆ ಹೋಗುದಾದ್ರೆ 18 ತುಂಬಿದ 3 ವರ್ಷದ ಒಳಗೆ. ಅಂದ್ರೆ 21 ಆಗುವ ಮುಂಚೆ. ಸುಮಾರು ಜನ ಇದನ್ನು 25, 30ರಲ್ಲಿ ಕೇಳ್ತಾರೆ, ಆಗ ಬಾಗಿಲು ಮುಚ್ಚಿರ್ತದೆ.

ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿಂದ ಜಾಗ ಮಾರಿದ ಆಧಾರದ (ಕ್ರಯಪತ್ರದ) ಕಾಪಿ ಮತ್ತು ಇಸಿ (ಋಣಭಾರ ಪತ್ರ) ತೆಗೆ, ಕೋರ್ಟ್ ಅನುಮತಿಯ ಬಗ್ಗೆ ಅದರಲ್ಲಿ ಬರೆದಿದ್ಯಾ ನೋಡು. ಆಮೇಲೆ ಅಮ್ಮನ ಹತ್ರ ಕೂತ್ಕೊಂಡು ಯಾಕೆ ಮಾರಿದ್ದು ಅಂತ ಕೇಳು, ತಪ್ಪು ಹುಡುಕುವ ಹಾಗೆ ಅಲ್ಲ. ಗಂಡ ಹೋದ ಮೇಲೆ ಎರಡು ಮಕ್ಕಳನ್ನು ಓದಿಸಿದವರು, ಆ ಜಾಗದ ದುಡ್ಡು ನಿನ್ನ ಫೀಸಿಗೇ ಹೋಗಿರ್ಬಹುದು. ತೆಗೊಂಡವರು ಅಲ್ಲಿ ಮನೆ ಕಟ್ಟಿ ಕೂತಿರ್ಲೂಬಹುದು. ಇದೆಲ್ಲ ಗೊತ್ತಾದ ಮೇಲೆ ಕೇಸು ಬೇಕಾ ಬೇಡ್ವಾ ಅಂತ ಮನೆಯವರೇ ಸೇರಿ ನಿರ್ಧಾರ ಮಾಡಿ. ವಕೀಲರಿಗೆ ಕೊಡ್ಲಿಕ್ಕೆ ದುಡ್ಡಿಲ್ಲದಿದ್ರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗು, ಅಥವಾ 15100ಕ್ಕೆ ಫೋನ್ ಮಾಡು, ಆದಾಯ ಕಮ್ಮಿ ಇರುವವರಿಗೆ ಉಚಿತವಾಗಿ ವಕೀಲರನ್ನು ಕೊಡ್ತಾರೆ.

ಪ್ರಶ್ನೆ: 18 ಆಗ್ಲಿಕ್ಕೆ ಇನ್ನು ಎರಡೇ ತಿಂಗಳು. ಅಪ್ಪನ ಬೈಕ್ ಪಂಚಾಯತ್ ರೋಡಲ್ಲಿ ಮಾತ್ರ ಓಡಿಸ್ಬಹುದಾ? ಮತ್ತೆ 18 ಆದ್ರೆ ಬಾರಿಗೆ ಹೋಗ್ಬಹುದಾ?
(ಉಪ್ಪಳ)

ಉತ್ತರ: ಎರಡಕ್ಕೂ ಇಲ್ಲ. ಮೈನರ್ ಓಡಿಸಿ ಸಿಕ್ಕಿಬಿದ್ರೆ ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನಲ್ಲಿ ಕೇಸು ಆಗುವುದು ಅಪ್ಪನ ಮೇಲೆ, 25000 ದಂಡ, 3 ವರ್ಷದವರೆಗೆ ಜೈಲು, ಬೈಕಿನ ರಿಜಿಸ್ಟ್ರೇಶನ್ 12 ತಿಂಗಳು ರದ್ದು, ನಿನಗೆ 25 ಆಗುವವರೆಗೆ ಲೈಸನ್ಸ್ ಇಲ್ಲ. ಎರಡು ತಿಂಗಳಿಗೋಸ್ಕರ ಏಳು ವರ್ಷ ಕಳ್ಕೊಳ್ಬೇಡ. 18 ಆದ ದಿನ ಲರ್ನರ್ಸಿಗೆ ಅರ್ಜಿ ಹಾಕು, ಅದು ಸಿಕ್ಕಿ 30 ದಿನ ಆದ ಮೇಲೆ 8 ಹಾಕಿ ಪಾಸಾಗು. ಕಾರಿಗಾದ್ರೆ ಎಚ್ ಹಾಕ್ಬೇಕು. ಕೇರಳದಲ್ಲಿ ಮದ್ಯಕ್ಕೆ ಪ್ರಾಯ 23.

ಪ್ರಶ್ನೆ: ನಂಗೆ 18, ಹುಡುಗಿ. ರಕ್ತ ಕೊಡ್ಬೇಕು ಅಂತ ಆಸೆ, ಅಮ್ಮ ಬೇಡ ಅಂತಾರೆ. ಮನೆಯವರ ಸೈನ್ ಬೇಕಾ?
(ಕುಂಬಳೆ)

ಉತ್ತರ: ಬೇಡ, ನಿನ್ನ ಒಪ್ಪಿಗೆ ಸಾಕು. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದ್ರೆ ಮಂಗಳೂರಿಗೇ ಓಡುವುದು, ಅಲ್ಲಿ ರಕ್ತಕ್ಕೆ ಪರದಾಡುವ ಮನೆಯವರನ್ನು ನೋಡಿದ್ರೆ ನಿನ್ನ ಆಸೆ ಎಷ್ಟು ದೊಡ್ಡದು ಅಂತ ಗೊತ್ತಾಗ್ತದೆ. ತೂಕ 45 ಕೆಜಿಗೆ ಕಮ್ಮಿ ಇರ್ಬಾರ್ದು, ಹಿಮೋಗ್ಲೋಬಿನ್ 12.5 ಇರ್ಬೇಕು, ಇಲ್ಲಿ ತುಂಬಾ ಹುಡುಗಿಯರು ವಾಪಸ್ ಬರುವುದು ಇದರಲ್ಲೇ. ಕಮ್ಮಿ ಇದ್ರೆ ಡಾಕ್ಟರಿಗೆ ತೋರಿಸಿ ಸರಿ ಮಾಡ್ಕೊಂಡು ಮತ್ತೆ ಹೋಗು. ಒಮ್ಮೆ ಕೊಟ್ರೆ ಹೆಂಗಸರು 120 ದಿನ, ಗಂಡಸರು 90 ದಿನ ಕಾಯ್ಬೇಕು. ಅಮ್ಮನನ್ನೂ ಜೊತೆಗೆ ಕರ್ಕೊಂಡು ಹೋಗು, ಅಲ್ಲಿಯ ನರ್ಸ್ ಹತ್ರ ಅವರೇ ಕೇಳ್ಲಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗ್ಬೇಡ, ನೀರು ಚೆನ್ನಾಗಿ ಕುಡಿ, ಕೊಟ್ಟಾದ ಮೇಲೆ ಕೂಡಲೇ ಎದ್ದು ಬಸ್ಸಿಗೆ ಓಡ್ಬೇಡ.