ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ: ಮಕ್ಕಳ ರಕ್ಷಣೆ ಪ್ರಶ್ನೋತ್ತರ

ಅಂಗನವಾಡಿ, ಶಾಲೆ, ಹಾಸ್ಟೆಲ್, ಆರೋಗ್ಯ ಉಪಕೇಂದ್ರ, ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರಿಗಾಗಿ ಇರುವ ಅಂಕಣ ಇದು. ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇವೆ. ಮಗುವಿನ ಗುರುತು ಹತ್ತಬಹುದಾದ ವಿವರಗಳನ್ನೂ ತೆಗೆದಿದ್ದೇವೆ.

ಏಳನೇ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಬಂದು, ‘ಚಿಕ್ಕಪ್ಪ ರಾತ್ರಿ ನನ್ನ ಹಾಸಿಗೆಗೆ ಬರ್ತಾರೆ ಮಿಸ್, ಯಾರಿಗೂ ಹೇಳ್ಬೇಡಿ’ ಎಂದಳು. ಚಿಕ್ಕಪ್ಪ ಅದೇ ಮನೆಯಲ್ಲಿದ್ದಾನೆ. ಮುಖ್ಯೋಪಾಧ್ಯಾಯರು ‘ಮೊದಲು ತಂದೆ–ತಾಯಿನ ಕರೆಸಿ ವಿಚಾರಿಸೋಣ, ನಿಜವಾದರೆ ಆಮೇಲೆ ನೋಡೋಣ’ ಅನ್ನುತ್ತಾರೆ. ನಾನೇನು ಮಾಡಲಿ?
– ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕಿ

ಇವತ್ತೇ ತಿಳಿಸಿ, ಅದೂ ಶಾಲೆ ಬಿಡುವ ಗಂಟೆ ಹೊಡೆಯುವ ಮೊದಲು. ನಾಲ್ಕು ಗಂಟೆಗೆ ಆ ಮಗು ಹೋಗುವುದು ಚಿಕ್ಕಪ್ಪ ಇರುವ ಮನೆಗೇ.

ನಿಜವೋ ಸುಳ್ಳೋ ಪತ್ತೆ ಹಚ್ಚುವುದು ಶಾಲೆಯ ಕೆಲಸವಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಅಪರಾಧ ನಡೆದಿದೆ ಎಂದು ತಿಳಿದವರಷ್ಟೇ ಅಲ್ಲ, ನಡೆಯಬಹುದು ಎಂಬ ಆತಂಕ ಇರುವವರೂ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ಈ ಹೊಣೆ ವ್ಯಕ್ತಿಯದು, ಸಂಸ್ಥೆಯದಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಬೇಕಿಲ್ಲ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನ ಸಿಬ್ಬಂದಿ ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಹೋಗುತ್ತದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ, ಆಮೇಲೆ ಅದು ಸಾಬೀತಾಗದೆ ಹೋದರೂ, ಕೇಸು ಹಾಕಲು ಬರುವುದಿಲ್ಲ. ಈ ಕೊನೆಯ ಮಾತನ್ನು ಮುಖ್ಯೋಪಾಧ್ಯಾಯರಿಗೆ ಓದಿ ಹೇಳಿ. ಹಿಂಜರಿಕೆಗೆ ಎಷ್ಟೋ ಸಲ ಕಾರಣ ಈ ಭಯವೇ.

ಮಗುವಿನ ಜೊತೆ ಮಾತು ಹೀಗಿರಲಿ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಕೊಟ್ಟು ಮುರಿದರೆ ಆಕೆ ಮತ್ತೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ‘ನಿನ್ನ ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ. ಯಾರಿಗೆ ಹೇಳ್ತೀನಿ ಅಂತ ನಿಂಗೆ ಮೊದಲೇ ಹೇಳ್ತೀನಿ. ನನ್ನ ಹತ್ರ ಹೇಳಿದ್ದು ಒಳ್ಳೇದಾಯ್ತು, ಇದರಲ್ಲಿ ನಿಂದೇನೂ ತಪ್ಪಿಲ್ಲ’ – ಇಷ್ಟು ಸಾಕು. ಆಕೆ ತಾನಾಗಿ ಮುಂದುವರಿಸಿದರೆ ‘ಆಮೇಲೆ?’ ಅನ್ನಿ. ‘ಇಲ್ಲಿ ಮುಟ್ಟಿದನಾ? ಹೀಗೆ ಮಾಡಿದನಾ?’ ಎಂದು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬೇಡಿ. ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ‘ಇದು ಹೇಳಿಕೊಟ್ಟ ಮಾತು’ ಎನ್ನಲು ಅದೇ ಆಧಾರವಾಗುತ್ತದೆ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂಬುದಂತೂ ಬೇಡವೇ ಬೇಡ. ಮಗುವಿನ ಕಿವಿಗೆ ಅದು ಬೈಗುಳ.

ಆಕೆ ಹೋದ ಕೂಡಲೇ ಬರೆದಿಡಿ: ದಿನಾಂಕ, ಸಮಯ, ಜಾಗ, ಯಾರಿದ್ದರು, ಆಕೆಯದೇ ಮಾತು, ಆಕೆಯದೇ ಭಾಷೆಯಲ್ಲಿ. ‘ಹಾಸಿಗೆಗೆ ಬರ್ತಾರೆ’ ಎಂದದ್ದನ್ನು ‘ಲೈಂಗಿಕ ದೌರ್ಜನ್ಯ ಎಸಗಿದ್ದಾನೆ’ ಎಂದು ತಿದ್ದಬೇಡಿ. ನೀವು ಕೇಳಿದ ಪ್ರಶ್ನೆಯನ್ನೂ ಬರೆಯಿರಿ. ಕೆಳಗೆ ನಿಮ್ಮ ಸಹಿ ಇರಲಿ, ಮಗುವಿನ ಸಹಿ ಬೇಡ, ಮೊಬೈಲಿನಲ್ಲಿ ವಿಡಿಯೊ ಬೇಡ. ಆ ಹಾಳೆ ಮುಚ್ಚಿದ ಲಕೋಟೆಯಲ್ಲಿರಲಿ. ಎಲ್ಲರ ಕೈಗೆ ಸಿಗುವ ಸ್ಟಾಫ್ ರೂಮಿನ ವಹಿಯಲ್ಲಿ ಅಲ್ಲ.

ಮುಂದೆ ಫೋನು: ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಕರೆಯ 112. 1098 ಈಗ ಮೊದಲಿನಂತೆ ಸ್ವಯಂಸೇವಾ ಸಂಸ್ಥೆಯ ತಂಡದ ಕೈಯಲ್ಲಿಲ್ಲ. 2023ರಿಂದ ಸರ್ಕಾರವೇ ಅದನ್ನು ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ, ಸ್ಥಳಕ್ಕೆ ಬರುವವರು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಡೆಯವರು. ಆದರೆ 1098ಕ್ಕೆ ಹೇಳಿದ ಮಾತ್ರಕ್ಕೆ ಕಾಯ್ದೆಯ ಹೊಣೆ ತೀರಿತು ಎಂದುಕೊಳ್ಳಬೇಡಿ. ಮಾಹಿತಿ ಠಾಣೆಗೂ ಮುಟ್ಟಬೇಕು. ಬಾಯಿಮಾತಲ್ಲಿ ಹೇಳಿದರೂ ಪೊಲೀಸರು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಮಗುವನ್ನು ಠಾಣೆಗೆ ಕರೆದೊಯ್ಯಬೇಕಿಲ್ಲ. ಆಕೆಯ ಹೇಳಿಕೆಯನ್ನು ಮನೆಯಲ್ಲೋ ಆಕೆ ಹೇಳಿದ ಜಾಗದಲ್ಲೋ, ಸಮವಸ್ತ್ರ ಇಲ್ಲದೆ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಶಾಲೆಗೇ ಬನ್ನಿ, ಜೀಪು ಗೇಟಿನಾಚೆ ನಿಲ್ಲಲಿ ಎಂದು ಫೋನಿನಲ್ಲೇ ಕೇಳಿ.

ಆರೋಪಿ ಅದೇ ಮನೆಯಲ್ಲಿ ಇರುವುದರಿಂದ, ಪೊಲೀಸರು ಬರುವ ಮೊದಲು ಮನೆಗೆ ಫೋನ್ ಮಾಡಬೇಡಿ. ‘ವಿಚಾರಿಸೋಣ’ ಎಂದು ಕರೆಸಿದಾಗ ಆಗುವುದು ಸಾಮಾನ್ಯವಾಗಿ ಇದು: ಸಂಜೆ ಮನೆಯಲ್ಲಿ ಹೊಡೆತ, ಮರುದಿನ ‘ನಾನು ಸುಳ್ಳು ಹೇಳಿದೆ’ ಎಂಬ ಮಾತು, ವಾರದೊಳಗೆ ಮಗು ಅಜ್ಜಿ ಊರಿಗೆ. ಇಂಥ ಪ್ರಕರಣದಲ್ಲಿ ಪೊಲೀಸರು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮನೆಯಲ್ಲೇ ಇರಬಹುದೇ, ಬೇರೆ ಕಡೆ ಇರಬೇಕೇ ಎಂಬುದನ್ನು ಸಮಿತಿ ಮೂರು ದಿನದೊಳಗೆ ತೀರ್ಮಾನಿಸುತ್ತದೆ. ಮಗುವಿನ ಇಷ್ಟವೇನು ಎಂದೂ ಕೇಳಬೇಕು. ಅಂದರೆ ದೂರು ಕೊಟ್ಟ ಕೂಡಲೇ ಮಗುವನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಎಂಬ ಭಯ ಸರಿಯಲ್ಲ. ತಾಯಿಯೋ ಅಜ್ಜಿಯೋ ಆರೋಪಿಯಿಂದ ದೂರ ಇಟ್ಟು ನೋಡಿಕೊಳ್ಳಬಲ್ಲರಾದರೆ ಅದಕ್ಕೇ ಮೊದಲ ಪ್ರಾಶಸ್ತ್ಯ.

ಘಟನೆ ಇತ್ತೀಚಿನದಾದರೆ ಆಸ್ಪತ್ರೆಗೆ ಕರೆದೊಯ್ಯಲು ತಡ ಮಾಡಬಾರದು. ಎಚ್‌ಐವಿ ತಡೆ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ದೇಹದಿಂದ ಸಾಕ್ಷ್ಯ ಸಿಗುವ ಸಾಧ್ಯತೆ ಸುಮಾರು 96 ಗಂಟೆಯವರೆಗೆ. ಆ ಬಟ್ಟೆ ಒಗೆಯಬಾರದು. ಒದ್ದೆ ಇದ್ದರೆ ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಬೇಕು; ಪ್ಲಾಸ್ಟಿಕ್‌ನಲ್ಲಿ ತೇವಕ್ಕೆ ಬೂಸ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಎಫ್‌ಐಆರ್ ತನ್ನಿ ಎಂದು ಹೇಳಿ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ಹುಡುಗಿಯನ್ನು ವೈದ್ಯೆಯೇ ಪರೀಕ್ಷಿಸಬೇಕು, ಜೊತೆಗೆ ಆಕೆ ನಂಬುವವರು ಇರಬೇಕು.

ಇಷ್ಟಾದ ಮೇಲೆ ತಾಯಿಯನ್ನು ಮರೆಯಬೇಡಿ. ಗಂಡನ ತಮ್ಮನ ಮೇಲೆ ದೂರಾಗಿದೆ, ಮನೆಯವರೆಲ್ಲ ಆಕೆಯ ಮೇಲೆ ತಿರುಗಿಬೀಳುತ್ತಾರೆ. ಹೆಚ್ಚಿನ ಕೇಸುಗಳು ಸಡಿಲವಾಗುವುದು ಈ ಹಂತದಲ್ಲೇ. ಕುಟುಂಬಕ್ಕೆ ಸಿಗಬೇಕಾದ್ದು ಏನೇನು ಎಂದು ಆಕೆಗೆ ಗೊತ್ತಿರಲಿ: ಪೋಕ್ಸೊ ನಿಯಮ 2020ರ ‘ನಮೂನೆ ಎ’ (ಅದರಲ್ಲಿ ಹಕ್ಕುಗಳ ಪಟ್ಟಿ ಇದೆ, ಪೊಲೀಸರು ಕೊಡಬೇಕು); ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಬೆಂಬಲ ವ್ಯಕ್ತಿ (ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಜೊತೆಗಿರುವವರು); ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು; ವಿಶೇಷ ನ್ಯಾಯಾಲಯದಿಂದ ಮಧ್ಯಂತರ ಪರಿಹಾರ. ಬೆಂಬಲ ವ್ಯಕ್ತಿ ಬಂದಿಲ್ಲವೆಂದರೆ ಸಮಿತಿಗೆ ಲಿಖಿತವಾಗಿ ಕೇಳಬಹುದು, ಕೇಳಿ.

ತರಗತಿಯಲ್ಲಿ ಆಕೆಯ ಜಾಗ ಬದಲಿಸಬೇಡಿ, ವಿಶೇಷ ಕನಿಕರವೂ ಬೇಡ. ಕೋರ್ಟಿಗೆ ಹೋದ ದಿನದ ಪಾಠವನ್ನು ಮರುದಿನ ಸದ್ದಿಲ್ಲದೆ ಹೇಳಿಕೊಡಿ.

ನಮ್ಮೂರಲ್ಲಿ 16 ವರ್ಷದ ಹುಡುಗಿಗೆ ನಾಡಿದ್ದು ಮದುವೆ. ಹೋದ ವರ್ಷ ಇಂಥದ್ದೇ ಒಂದನ್ನು ಮುಚ್ಚಳಿಕೆ ಬರೆಸಿಕೊಂಡು ನಿಲ್ಲಿಸಿದೆವು. ಹದಿನೈದು ದಿನಕ್ಕೆ ಬೇರೆ ತಾಲ್ಲೂಕಿನ ಗುಡಿಯಲ್ಲಿ ತಾಳಿ ಕಟ್ಟಿಸಿದರು. ಈ ಸಲ ಹಾಗಾಗಬಾರದು.
– ಅಂಗನವಾಡಿ ಕಾರ್ಯಕರ್ತೆ

ಮುಚ್ಚಳಿಕೆ ಬರೀ ಕಾಗದ. ಮೀರಿದರೆ ಏನಾಗುತ್ತದೆ ಎಂದು ಬರೆಸಿಕೊಂಡವರಿಗೂ ಬರೆದುಕೊಟ್ಟವರಿಗೂ ಗೊತ್ತಿರುವುದಿಲ್ಲ. ಅದರ ಬದಲು ಪ್ರತಿಬಂಧಕಾಜ್ಞೆ ಕೇಳಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ಮದುವೆಗೆ ತಡೆ ಕೊಡಬಹುದು. ತುರ್ತಿದ್ದರೆ ಎದುರು ಪಕ್ಷಕ್ಕೆ ನೋಟಿಸ್ ಕೊಡದೆಯೂ ಮಧ್ಯಂತರ ಆಜ್ಞೆ ಮಾಡಬಹುದು. ಆ ಆಜ್ಞೆ ಮೀರಿ ಎಲ್ಲಿ ತಾಳಿ ಕಟ್ಟಿದರೂ ಅದು ಮದುವೆಯೇ ಅಲ್ಲ. ಕರ್ನಾಟಕದಲ್ಲಂತೂ ರಾಜ್ಯದ ತಿದ್ದುಪಡಿಯ ನಂತರ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು. ಪಕ್ಕದ ರಾಜ್ಯದ ಗಡಿ ಊರಿನ ಬೀಗರಿಗೆ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ, ಗಂಡಿನ ಕಡೆಗೂ ತಿಳಿಸಿ.

ಇವತ್ತು ಮಾಡಬೇಕಾದ್ದು: ಶಾಲೆಯಿಂದ ಜನ್ಮ ದಿನಾಂಕದ ದಾಖಲೆಯ ನಕಲು. ಆಧಾರ್ ವಯಸ್ಸಿನ ಪುರಾವೆ ಅಲ್ಲ, ಅದನ್ನು ತಿದ್ದಿಸಿಕೊಂಡು ಬಂದು ತೋರಿಸುವವರೂ ಇದ್ದಾರೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಕೊಡುವ ಕ್ರಮವನ್ನೇ ಹಿಡಿಯಿರಿ: ಮೊದಲು ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ, ಅದಿಲ್ಲದಿದ್ದರೆ ಪಂಚಾಯಿತಿ–ಪುರಸಭೆಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ನಂತರ 1098ಕ್ಕೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ), ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ತಿಳಿಸಿ. ಮದುವೆ ಎಲ್ಲಿ, ಪುರೋಹಿತರು ಯಾರು, ಅಡುಗೆಯವರು, ಪೆಂಡಾಲಿನವರು, ಫೋಟೊದವರು ಯಾರು ಎಂದೂ ಪಟ್ಟಿ ಮಾಡಿ. ನಡೆಸಿಕೊಟ್ಟವರಿಗೂ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಇದೆ. ಇವರಿಗೆ ಒಂದು ಫೋನ್ ಹೋದರೆ ಅರ್ಧ ಮದುವೆ ಅಲ್ಲೇ ನಿಲ್ಲುತ್ತದೆ.

ಮದುವೆಯ ಅಪಾಯದಲ್ಲಿರುವ ಹುಡುಗಿ ಬಾಲನ್ಯಾಯ ಕಾಯ್ದೆಯ ಪ್ರಕಾರ ಪೋಷಣೆ–ರಕ್ಷಣೆ ಬೇಕಾದ ಮಗು. ಹಾಗಾಗಿ ನಿಲ್ಲಿಸಿದ ಮೇಲೆ ಮಕ್ಕಳ ಕಲ್ಯಾಣ ಸಮಿತಿಗೆ ಆಕೆಯನ್ನು ತೋರಿಸಲೇಬೇಕು. ಹೋದ ವರ್ಷ ತಪ್ಪಿದ್ದು ಬಹುಶಃ ಈ ಹೆಜ್ಜೆ. ಸಮಿತಿಯ ಆದೇಶ ಇದ್ದರೆ ನೀವು ಮನೆಗೆ ಹೋಗಿ ನೋಡಿ ಬರಲು ಬಲ ಬರುತ್ತದೆ. ಮೂರನೇ ದಿನ ಹೋಗಿ, ಹತ್ತನೇ ದಿನ ಹೋಗಿ, ಮುಂದಿನ ಮುಹೂರ್ತಗಳ ವಾರದಲ್ಲಿ, ಅಕ್ಷಯ ತೃತೀಯದ ಹಿಂದುಮುಂದು ಮತ್ತೆ ಹೋಗಿ. ಹುಡುಗಿ ಶಾಲೆ ಬಿಟ್ಟಿದ್ದರೆ ಹಾಸ್ಟೆಲ್ ಸೀಟಿನ ಅರ್ಜಿ ಅದೇ ವಾರ ಹಾಕಿಸಿ.

17 ವರ್ಷದ ವಿವಾಹಿತೆ ಎರಡೂವರೆ ತಿಂಗಳ ಗರ್ಭಿಣಿ. ಕೇಸಾಗುತ್ತದೆಂದು ವಯಸ್ಸು 19 ಎಂದು ಬರೆಯಲು ಮನೆಯವರು ಕಾಡುತ್ತಿದ್ದಾರೆ.
– ಆಶಾ ಕಾರ್ಯಕರ್ತೆ

ಬರೆಯಬೇಡಿ. ಸುಳ್ಳು ದಾಖಲೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ತಾಯಿ ಕಾರ್ಡಿನಲ್ಲಿ 19 ಎಂದಿದ್ದರೆ ಆಕೆ ಅಪಾಯದ ಗರ್ಭಿಣಿಯರ ಪಟ್ಟಿಯಿಂದ ಜಾರಿಹೋಗುತ್ತಾಳೆ. ಈ ವಯಸ್ಸಿನಲ್ಲಿ ರಕ್ತಹೀನತೆ, ರಕ್ತದೊತ್ತಡ, ನಂಜು, ಕಡಿಮೆ ತೂಕದ ಕೂಸು – ಎಲ್ಲದರ ಅಪಾಯವೂ ಹೆಚ್ಚು.

18ಕ್ಕಿಂತ ಕೆಳಗೆ ಲೈಂಗಿಕ ಸಂಬಂಧಕ್ಕೆ ಕೊಟ್ಟ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆ ಇಲ್ಲ, ಮದುವೆಯೂ ರಿಯಾಯಿತಿ ಅಲ್ಲ. ಸುಪ್ರೀಂ ಕೋರ್ಟ್ ಇದನ್ನು 2017ರ ಅಕ್ಟೋಬರ್‌ನಲ್ಲೇ ಸ್ಪಷ್ಟ ಮಾಡಿದೆ. ಆದ್ದರಿಂದ ಮಾಹಿತಿ ಕೊಡಲೇಬೇಕು. ವೈದ್ಯಾಧಿಕಾರಿಗೆ ಹೇಳಿ, ಪೊಲೀಸರಿಗೂ ಮುಟ್ಟಿತೇ ಎಂದು ಖಚಿತ ಮಾಡಿಕೊಳ್ಳಿ. ತಪಾಸಣೆ ಮಾತ್ರ ಒಂದು ದಿನವೂ ನಿಲ್ಲಬಾರದು, ಕೇಸಿಗೂ ಚಿಕಿತ್ಸೆಗೂ ಸಂಬಂಧವಿಲ್ಲ ಎಂದು ಅತ್ತೆ–ಮಾವನಿಗೆ ಬಿಡಿಸಿ ಹೇಳಿ. ಆಕೆಗೆ ಗರ್ಭ ಬೇಡವಾಗಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ, 20ರಿಂದ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ತೆಗೆಸಬಹುದು, ಪೋಷಕರ ಲಿಖಿತ ಒಪ್ಪಿಗೆ ಬೇಕು. ಇಂಥ ಸಂದರ್ಭದಲ್ಲಿ ಹುಡುಗಿ ಅಥವಾ ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಇದು ಗೊತ್ತಿಲ್ಲದೆ ಎಷ್ಟೋ ಹುಡುಗಿಯರು ನಾಟಿ ಮದ್ದಿನ ಕಡೆ ಹೋಗುತ್ತಾರೆ.

ಗಂಡ ತೀರಿಕೊಂಡ ತಾಯಿಯೊಬ್ಬಳು ಇಬ್ಬರು ಮಕ್ಕಳಲ್ಲಿ ದೊಡ್ಡವನನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಕಳಿಸುವ ಮಾತಾಡುತ್ತಿದ್ದಾಳೆ. ಏನಾದರೂ ನೆರವು ಇದೆಯೇ?
– ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು

ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ವಿಧವೆ, ವಿಚ್ಛೇದಿತೆ, ಗಂಡ ಬಿಟ್ಟುಹೋದ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ತಂದೆ ಅಥವಾ ತಾಯಿಗೆ ಜೀವಕ್ಕೆ ಕುತ್ತು ತರುವ ಕಾಯಿಲೆ ಇರುವ ಮಕ್ಕಳು ಅರ್ಹರು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಂದೆಯ ಮರಣ ಪತ್ರ, ನಾಡಕಚೇರಿಯ ಆದಾಯ ಪತ್ರ, ರೇಷನ್ ಕಾರ್ಡ್, ಆಧಾರ್, ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.

ಅರ್ಜಿ ಕುಂಟುವುದು ಸಣ್ಣ ಸಣ್ಣ ಕಾರಣಕ್ಕೆ: ಮಗುವಿನ ಹೆಸರು ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಮರಣ ಪತ್ರವೇ ಮಾಡಿಸಿರುವುದಿಲ್ಲ. ಇವನ್ನು ಮೊದಲು ಸರಿಪಡಿಸಿ. ಮಂಜೂರಾತಿಗೆ ತಿಂಗಳುಗಟ್ಟಲೆ ಹಿಡಿಯಬಹುದು. ಹುಡುಗ ಶಾಲೆ ಬಿಡುವುದು ಆ ನಡುವೆಯೇ. ಅಷ್ಟರಲ್ಲಿ ವಿಧವಾ ವೇತನ, ಗೃಹಲಕ್ಷ್ಮಿ ಬರುತ್ತಿದೆಯೇ ನೋಡಿ, ಹಾಸ್ಟೆಲ್ ಕೇಳಿ. 14 ವರ್ಷದೊಳಗಿನ ಮಗುವನ್ನು ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವುದೇ ಅಪರಾಧ ಎಂದು ಮಾಲೀಕರಿಗೂ ತಿಳಿಸಿ.

ವರ್ಷಕ್ಕೊಮ್ಮೆ ತರಬೇತಿ ಆಗುತ್ತದೆ, ಸಹಿ ಹಾಕಿ ಬರುತ್ತೇವೆ. ಸಿಬ್ಬಂದಿಗೆ ಏನೂ ನೆನಪಿರುವುದಿಲ್ಲ.
– ಹಾಸ್ಟೆಲ್ ವಾರ್ಡನ್

ಕಲಂ ಓದಿಸುವುದು ಬಿಟ್ಟು ಕೈಯಾರೆ ಮಾಡಿಸಿ. ಒಂದು ಗಂಟೆ ಸಾಕು. 20 ನಿಮಿಷ ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಮಗುವಾಗಿ ಎರಡು ವಾಕ್ಯ ಹೇಳುವುದು, ಇನ್ನೊಬ್ಬರು ‘ಆಮೇಲೆ?’ ಬಿಟ್ಟು ಬೇರೇನೂ ಕೇಳದಿರುವುದು. ಬಹಳ ಕಷ್ಟದ ಅಭ್ಯಾಸ ಇದು, ನಮ್ಮ ನಾಲಿಗೆ ಬುದ್ಧಿಮಾತಿಗೆ ಓಡುತ್ತದೆ. 15 ನಿಮಿಷ ಕೇಳಿದ್ದನ್ನು ಬರೆಯುವುದು. 10 ನಿಮಿಷ 1098ಕ್ಕೆ ಏನು ಹೇಳಬೇಕೆಂದು ಗಟ್ಟಿಯಾಗಿ ಹೇಳಿ ನೋಡುವುದು. ಉಳಿದದ್ದು ಪ್ರಶ್ನೆಗೆ. ಜೂನ್‌ನಲ್ಲಿ ಒಮ್ಮೆ, ದಸರಾ ರಜೆ ಮುಗಿದು ಮಕ್ಕಳು ಮರಳಿದಾಗ ಇನ್ನೊಮ್ಮೆ ಮಾಡಿ. ಮನೆಯಲ್ಲಿ ಏನಾದರೂ ಆಗಿದ್ದರೆ ಮಕ್ಕಳು ಹೇಳುವ ಹೊತ್ತು ಅದು.

ಅಡುಗೆಯವರನ್ನು, ಕಾವಲುಗಾರರನ್ನು, ಕಸ ಗುಡಿಸುವ ಅಕ್ಕನನ್ನು ಬಿಡಬೇಡಿ. ಮಕ್ಕಳು ವಾರ್ಡನ್‌ಗಿಂತ ಮೊದಲು ಅವರ ಬಳಿ ಬಾಯಿ ಬಿಡುತ್ತಾರೆ. ಗುತ್ತಿಗೆಯವರೂ ಸೇರಿ ಎಲ್ಲರ ಪೊಲೀಸ್ ಪರಿಶೀಲನೆ ಆಗಾಗ ಆಗಬೇಕು ಎಂದು ಪೋಕ್ಸೊ ನಿಯಮದಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ ‘ಸಂವಾದ’ ಯೋಜನೆ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ, ಜಿಲ್ಲಾ ಘಟಕದ ಮೂಲಕ ಕೇಳಿ ನೋಡಿ.

ನಮ್ಮ ಊರಿನ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರಕರಣವೊಂದರ ಸುದ್ದಿ ಬಂದಿದೆ. ಮಗುವಿನ ಮುಖ ಮಸುಕು ಮಾಡಿದ್ದಾರೆ. ಇದು ಸರಿಯೇ?
– ಗ್ರಾಮ ಪಂಚಾಯಿತಿ ಸದಸ್ಯೆ

ಸಾಲದು. ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ಕೇರಿ – ಗುರುತು ಹತ್ತಿಸುವ ಯಾವುದೂ ಬರಬಾರದು ಎನ್ನುತ್ತದೆ ಪೋಕ್ಸೊ ಕಾಯ್ದೆಯ 23ನೇ ಕಲಂ. ಮುಖ ಮಸುಕಾಗಿ, ಶಾಲೆಯ ಬೋರ್ಡು ನಿಚ್ಚಳವಾಗಿ ಕಂಡರೆ ಊರಿಗೆಲ್ಲ ಗೊತ್ತಾಯಿತು. ಶಿಕ್ಷೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಯಾರಿಗೂ ಮುಂದೆ ಕಳಿಸದೆ, ಅಳಿಸಲು ಅಡ್ಮಿನ್‌ಗೆ ಈಗಲೇ ಹೇಳಿ. ಅಳಿಸದಿದ್ದರೆ ಠಾಣೆಗೆ ತಿಳಿಸಿ.